ನಕ್ಷತ್ರ ಹೋದ ಮೇಲೂ ಉಳಿದ ಹೆಸರು

ಮರ್ಸಿಡಿಸ್-ಬೆಂಜ್ ಎಂದರೆ ಇವತ್ತಿನ ಓದುಗನ ಕಣ್ಣಿಗೆ ಬರುವುದು ಬೆಂಗಳೂರಿನ ದೊಡ್ಡ ಹೋಟೆಲಿನ ಮುಂದೆ ನಿಲ್ಲುವ ಹೊಳಪಿನ ಕಾರು. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಈ ಜರ್ಮನ್ ಕಂಪನಿಗೆ ಹೆಸರು ತಂದುಕೊಟ್ಟದ್ದು ಕಾರಲ್ಲ, ಲಾರಿ. ತುಮಕೂರಿನಿಂದ ಹೊನ್ನಾವರಕ್ಕೆ ಹೋಗುವ, ಬಹುಕಾಲ 206 ಎಂಬ ಸಂಖ್ಯೆಯಿಂದಲೇ ಪರಿಚಿತವಾಗಿದ್ದ ಹೆದ್ದಾರಿ ಕಡೂರು, ಬೀರೂರು, ತರೀಕೆರೆಗಳನ್ನು ಹಾದು ಶಿವಮೊಗ್ಗದತ್ತ ಸಾಗುತ್ತದೆ; ಅಮೃತಾಪುರ ಆ ದಾರಿಯಿಂದ ಸ್ವಲ್ಪ ಒಳಗಿದೆ. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಈ ಅಂಚಿನಲ್ಲಿ ತೆಂಗು, ಅಡಿಕೆ, ಈರುಳ್ಳಿ, ಮರ, ಬಿದಿರು, ಎಲ್ಲವೂ ಒಂದಲ್ಲ ಒಂದು ದಿನ ಲಾರಿ ಹತ್ತಲೇಬೇಕು. ಆ ಲಾರಿಗಳ ಮೂತಿಯ ಮೇಲೆ 1954ರಿಂದ 1969ರವರೆಗೆ ಮೂರು ಮೊನೆಯ ನಕ್ಷತ್ರವಿತ್ತು. ಆಮೇಲೆ ನಕ್ಷತ್ರ ಹೋಯಿತು, ಹಳೆಯ ಚಾಲಕರ ಬಾಯಲ್ಲಿ ‘ಟಾಟಾ ಬೆಂಜ್’ ಉಳಿಯಿತು. ಇದನ್ನು ಬರೀ ಬಾಯಿರೂಢಿ ಎಂದು ತಳ್ಳಿಹಾಕಬಹುದು. ಹಾಗೆ ತಳ್ಳಿಹಾಕಬಾರದು ಎಂಬುದು ಈ ಲೇಖನದ ವಾದ. ಒಂದು ಕಾರ್ಖಾನೆಯ ಕೀರ್ತಿಯನ್ನು ಯಂತ್ರ ತಯಾರಾಗುವ ಊರಿನಷ್ಟೇ, ಅದು ಕೆಟ್ಟಾಗ ಬಿಚ್ಚಿ ಸರಿಮಾಡುವ ಊರುಗಳೂ ಕಟ್ಟುತ್ತವೆ. ನಮ್ಮ ಕಡೆಯ ಮಟ್ಟಿಗೆ ಈ ಎರಡನೆಯ ಪಾಲೇ ದೊಡ್ಡದು. ಕಂಪನಿಗಳು ತಾವೇ ಬರೆಸುವ ಚರಿತ್ರೆಗಳಲ್ಲಿ ಈ ಪಾಲಿಗೆ ಒಂದು ಪುಟವೂ ಸಿಗುವುದಿಲ್ಲ. ಸ್ಥಳೀಯ ಸ್ಮರಣ ಸಂಚಿಕೆಯಲ್ಲಾದರೂ ಸಿಗಬೇಕು.

ಸಾಗಣೆಯ ವಿಷಯದಲ್ಲಿ ಹೆಸರು ಗಳಿಸುವುದು ಈ ಸೀಮೆಗೆ ಹೊಸತಲ್ಲ. ಅಜ್ಜಂಪುರದಲ್ಲಿ ಇಂದಿಗೂ ಇರುವ ಅಮೃತಮಹಲ್ ತಳಿ ಸಂವರ್ಧನ ಕೇಂದ್ರದ ದನಗಳ ಹಿರಿಯರು ಮೈಸೂರು ಒಡೆಯರ ‘ಬೆಣ್ಣೆ ಚಾವಡಿ’ಯ ಹಿಂಡಿನವು. ಟಿಪ್ಪುವಿನ ಕಾಲದಲ್ಲಿ ಅದಕ್ಕೆ ಅಮೃತಮಹಲ್ ಎಂಬ ಹೆಸರು ಬಂತು. ಫಿರಂಗಿ ಗಾಡಿ ಎಳೆದು ದೂರದ ದಾರಿ ಬೇಗ ಕ್ರಮಿಸುವ ಎತ್ತುಗಳೆಂದು ಅವುಗಳ ಖ್ಯಾತಿ. 1799ರ ನಂತರ ಆ ಹಿಂಡು ಬ್ರಿಟಿಷರ ಕೈಗೆ ಹೋಯಿತು; 1860ರಲ್ಲಿ ಖರ್ಚು ಉಳಿಸಲೆಂದು ಅವರು ಅದನ್ನು ಮಾರಿ ಚದುರಿಸಿದರು, ಕೆಲವೇ ವರ್ಷಗಳಲ್ಲಿ ತಪ್ಪು ತಿಳಿದು ಮತ್ತೆ ಕಟ್ಟಬೇಕಾಯಿತು. ಎತ್ತಿನ ನಂತರ ಹಳಿ ಬಂತು. ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ರೈಲು 19ನೇ ಶತಮಾನ ಮುಗಿಯುವ ಹೊತ್ತಿಗೇ ಓಡತೊಡಗಿತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಹಳಿಯ ಮೇಲೆ ಟ್ರಾಮು ಓಡಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ ಅದಿರು ಇಳಿದು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಆದರೆ ಹಳಿ ಹೋಗದ ಕಡೆಗೆ ರೈಲು ಹೋಗದು. ತೋಟದ ಬಾಗಿಲಿಂದ ಮಂಡಿಯ ಬಾಗಿಲವರೆಗಿನ ಆ ಹತ್ತಿಪ್ಪತ್ತು ಮೈಲಿ ಎತ್ತಿನ ಗಾಡಿಗೇ ಉಳಿದಿತ್ತು. ಟ್ರಾಮೂ ಒಂದು ದಿನ ನಿಂತಿತು. ಆ ಖಾಲಿ ಜಾಗಕ್ಕೆ ಬಂದದ್ದು ಲಾರಿ. ಮೊದಲು ಬಂದವು ಅಮೆರಿಕದ ಪೆಟ್ರೋಲ್ ಲಾರಿಗಳು. ಡೀಸೆಲ್‌ನ ಕಾಲ ಆಮೇಲಿನದು.

ಕಂಪನಿಯ ಹುಟ್ಟನ್ನು ಇಲ್ಲಿ ಚಿಕ್ಕದಾಗಿ ಹೇಳಬೇಕು, ಒಂದು ಘಟನೆಯನ್ನು ಬಿಟ್ಟು. ಕಾರ್ಲ್ ಬೆಂಜ್ ಮನ್‌ಹೈಮ್‌ನಲ್ಲಿ ತನ್ನ ಮೂರು ಗಾಲಿಯ ಮೋಟಾರು ಬಂಡಿಗೆ ಪೇಟೆಂಟ್ ಕೇಳಿದ್ದು 1886ರ ಜನವರಿ 29ರಂದು. ಅದೇ ವೇಳೆಗೆ ಕಾನ್‌ಸ್ಟಾಟ್‌ನಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಖ್ ಬೇರೆಯಾಗಿ ದುಡಿಯುತ್ತಿದ್ದರು. ಡೈಮ್ಲರ್ ಕಂಪನಿಯ ಕಾರುಗಳ ವ್ಯಾಪಾರಿ ಎಮಿಲ್ ಯೆಲಿನೆಕ್ ತನ್ನ ಮಗಳ ಹೆಸರನ್ನು ಕಾರಿಗೆ ಇಡಿಸಿದ; 1902ರಲ್ಲಿ ಮರ್ಸಿಡಿಸ್ ನೋಂದಾಯಿತ ಹೆಸರಾಯಿತು. ಮೂರು ಮೊನೆಯ ನಕ್ಷತ್ರ 1909ರದು. ಎರಡು ಕಂಪನಿಗಳೂ 1926ರಲ್ಲಿ ಕೂಡಿ ಡೈಮ್ಲರ್-ಬೆಂಜ್ ಆದವು. ನಾನು ನಿಲ್ಲಬೇಕೆನ್ನುವ ಘಟನೆ 1888ರ ಆಗಸ್ಟಿನದು. ಬಂಡಿಯನ್ನು ಯಾರೂ ಕೊಳ್ಳುತ್ತಿಲ್ಲ, ಗಂಡನಿಗೆ ಅದನ್ನು ಊರಾಚೆ ಓಡಿಸುವ ಧೈರ್ಯವಿಲ್ಲ. ಬೆರ್ಥಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು, ನೂರಕ್ಕೂ ಹೆಚ್ಚು ಕಿಲೋಮೀಟರ್. ದಾರಿಯಲ್ಲಿ ಇಂಧನ ಮುಗಿದಾಗ ವೀಸ್‌ಲೋಖ್‌ನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ಚೈನು ಸರಿಮಾಡಲು ಕಮ್ಮಾರ ಬೇಕಾದ. ಬ್ರೇಕಿನ ಮರದ ಕಟ್ಟೆ ಸವೆದಾಗ ಚಮ್ಮಾರನೊಬ್ಬ ಅದಕ್ಕೆ ತೊಗಲು ಹೊಡೆದುಕೊಟ್ಟ. ಕಂಪನಿ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆ ಇದು, ಸಾಹಸದ ಕಥೆಯಾಗಿ. ನಿಜ ನೋಡಿದರೆ ಇದು ರಿಪೇರಿಯ ಕಥೆ. ಬಂಡಿಯ ಮೇಲೆ ಜನಕ್ಕೆ ನಂಬಿಕೆ ಬಂದದ್ದು ಅದು ಕೆಡುವುದಿಲ್ಲ ಎಂಬುದಕ್ಕಲ್ಲ, ಕೆಟ್ಟರೂ ದಾರಿಯಲ್ಲಿ ಸಿಗುವ ಕಮ್ಮಾರ, ಚಮ್ಮಾರ, ಔಷಧಿ ಅಂಗಡಿಯವನನ್ನು ಹಿಡಿದು ಊರು ಮುಟ್ಟಿಸಬಹುದು ಎಂಬುದಕ್ಕೆ.

ಇಂಡಿಯಾದಲ್ಲಿ ಮೋಟಾರು ತಯಾರಿಸಬೇಕೆಂಬ ಹಂಬಲಕ್ಕೆ ಮೈಸೂರಿನ ನಂಟಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಯ ಯೋಜನೆ ಹಿಡಿದು ಯೂರೋಪು, ಅಮೆರಿಕ ಸುತ್ತಿ ಬಂದರು. ವಾಲ್‌ಚಂದ್ ಹೀರಾಚಂದ್ ಹಣ ಹಾಕಲು ಮುಂದೆ ಬಂದರು. ಬೆಂಗಳೂರಿನಲ್ಲಿ ಅದಕ್ಕೆ ನೆಲೆ ಕೊಡಲು ಮೈಸೂರು ಸರ್ಕಾರ ಉತ್ಸುಕವಾಗಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದ್ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, ಕಾರಿನ ಕಾರ್ಖಾನೆ ಮುಂಬಯಿಯ ಪಾಲಾಯಿತು. ಸ್ವಾತಂತ್ರ್ಯದ ನಂತರ 1953ರ ಸುಂಕ ಆಯೋಗ, ಬಿಡಿಭಾಗ ತಂದು ಜೋಡಿಸುವುದಷ್ಟೇ ಸಾಲದು, ಇಲ್ಲಿಯೇ ತಯಾರಿಸುವ ಕಾರ್ಯಕ್ರಮವಿದ್ದವರು ಮಾತ್ರ ಉಳಿಯಲಿ ಎಂಬ ನಿಲುವು ತಳೆಯಿತು. ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಜಾಗ ಖಾಲಿ ಮಾಡಿದವು. ಆ ಸಂದಿಯಲ್ಲಿ ಒಳಬಂದದ್ದು ಟಾಟಾ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿ, ಅಂದರೆ ಟೆಲ್ಕೋ. 1945ರಲ್ಲಿ ರೈಲ್ವೆ ಎಂಜಿನ್ನಿಗಾಗಿ ಹುಟ್ಟಿದ ಈ ಕಂಪನಿ ಅದಾಗಲೇ ಮತ್ತೊಂದು ಜರ್ಮನ್ ಸಂಸ್ಥೆಯಾದ ಕ್ರಾಸ್-ಮಫೈ ನೆರವಿನಿಂದ ಮೀಟರ್‌ಗೇಜಿನ ಉಗಿ ಎಂಜಿನ್ ಮಾಡುತ್ತಿತ್ತು. 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ 15 ವರ್ಷದ ಒಪ್ಪಂದವಾಯಿತು. ಜಮ್‌ಷೆಡ್‌ಪುರದಿಂದ ‘ಟಾಟಾ ಮರ್ಸಿಡಿಸ್-ಬೆಂಜ್’ ಲಾರಿ ಹೊರಬಂತು: ಉಬ್ಬಿದ ದುಂಡು ಬಾನೆಟ್ಟು, ಅದರ ಮುಂದೆ ನಕ್ಷತ್ರ, ಒಳಗೆ ಆರು ಸಿಲಿಂಡರಿನ ಡೀಸೆಲ್ ಎಂಜಿನ್.

ಡೀಸೆಲ್ ಎಂಬುದೇ ಇಲ್ಲಿ ಮುಖ್ಯ. 1923ರಲ್ಲೇ ಬೆಂಜ್ ಕಂಪನಿ ಡೀಸೆಲ್ ಲಾರಿ ಓಡಿಸಿತ್ತು. 1936ರಲ್ಲಿ ಡೈಮ್ಲರ್-ಬೆಂಜ್ ಡೀಸೆಲ್ ಕಾರನ್ನೂ ಮಾರಾಟಕ್ಕೆ ತಂದಿತು. ಈ ಅನುಭವದ ಬೆಲೆ ತಿಳಿದದ್ದು ನಮ್ಮಂಥ ಕಡೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಬೇಕು. ಕಿಡಿಗೆ ಕಾಯಿಲ್, ಡಿಸ್ಟ್ರಿಬ್ಯೂಟರ್, ಪ್ಲಗ್, ಪ್ಲಗ್ಗಿಗೆ ವೈರು. ಇವೆಲ್ಲಕ್ಕೂ ತೇವ ಆಗದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಬಿಡದ ಕಡೆಯಲ್ಲಿ, ಹಳ್ಳದ ನೀರು ರಸ್ತೆಯ ಮೇಲೆ ಹರಿಯುವ ಕಾಲದಲ್ಲಿ, ಪೆಟ್ರೋಲ್ ಲಾರಿ ನಡುದಾರಿಯಲ್ಲಿ ನಿಂತರೆ ಆಶ್ಚರ್ಯವಿಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸುತ್ತದೆ, ಆ ಬಿಸಿಗೆ ಎಣ್ಣೆ ಚಿಮ್ಮಿದೊಡನೆ ಹೊತ್ತಿಕೊಳ್ಳುತ್ತದೆ. ಮೊದಲ ಪೀಳಿಗೆಯ ಎಂಜಿನ್‌ಗಳಲ್ಲಿ ಬೆಳಗಿನ ಚಳಿಯಲ್ಲಿ ಮಾತ್ರ ಹೀಟರ್ ಪ್ಲಗ್ ಕಾಯಲು ಬಿಟ್ಟು ಸ್ಟಾರ್ಟ್ ಮಾಡಬೇಕಿತ್ತು. ಒಮ್ಮೆ ಹೊತ್ತಿದರೆ ಮಳೆಯ ಹಂಗಿಲ್ಲ. ಕಡಿಮೆ ವೇಗದಲ್ಲೇ ಎಳೆಯುವ ಬಲ ಹೆಚ್ಚು, ಆದ್ದರಿಂದ ಲೋಡು ತುಂಬಿದ ಗಾಡಿ ಏರಿನಲ್ಲಿ ಉಸಿರು ಬಿಡುವುದಿಲ್ಲ. ಅದೇ ಲೋಡಿಗೆ ಎಣ್ಣೆ ಕಡಿಮೆ ಸಾಕು, ಆ ಎಣ್ಣೆಯ ದರವೂ ಪೆಟ್ರೋಲಿಗಿಂತ ಕಡಿಮೆ. ಬಾಡಿಗೆಯಲ್ಲಿ ಮಿಗುವ ದುಡ್ಡಿನಿಂದಲೇ ಸಾಲದ ಕಂತು ಕಟ್ಟುವ ಒಂದೇ ಲಾರಿಯ ಮಾಲೀಕನಿಗೆ ಈ ಲೆಕ್ಕದ ಮುಂದೆ ಬೇರೆ ಜಾಹೀರಾತು ಬೇಕಿರಲಿಲ್ಲ.

ಕೆಟ್ಟರೆ? ಇದಕ್ಕೆ ಉತ್ತರ ಎಂಜಿನ್ನಿನ ಒಂದು ಪಕ್ಕಕ್ಕೆ ಕೂತ ಇಂಧನ ಪಂಪಿನ ಹತ್ತಿರ ಸಿಗುತ್ತದೆ. ಡೀಸೆಲ್ ಗಾಡಿ ದಾರಿಯಲ್ಲಿ ನಿಲ್ಲುವುದಕ್ಕೆ ಬಲು ಸಾಮಾನ್ಯ ಕಾರಣ ಲೈನಿನಲ್ಲಿ ಗಾಳಿ ಸೇರುವುದು, ಅಂದರೆ ‘ಏರ್ ಹಿಡಿಯುವುದು’. ಟ್ಯಾಂಕು ಬರಿದಾದರೂ ಆದೀತು, ಎಲ್ಲೋ ಒಂದು ವಾಷರು ಸಡಿಲವಾದರೂ ಆದೀತು. ಫಿಲ್ಟರಿನ ನೆತ್ತಿಯ ಸ್ಕ್ರೂವನ್ನು ಸ್ಪ್ಯಾನರಿನಿಂದ ಅರ್ಧ ಸುತ್ತು ಸಡಿಲಿಸಿ, ಫೀಡ್ ಪಂಪಿನ ಮೇಲಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಇದ್ದರೆ ಮೊದಲು ನೊರೆ ನೊರೆಯಾಗಿ ಎಣ್ಣೆ ಉಕ್ಕುತ್ತದೆ. ಗುಳ್ಳೆ ನಿಂತು ಎಣ್ಣೆ ಒಂದೇ ಧಾರೆಯಾಗಿ ಬರುವ ಹೊತ್ತಿಗೆ ಸ್ಕ್ರೂ ಬಿಗಿಯಬೇಕು. ಆಮೇಲೆ ಒಂದೊಂದೇ ನಾಜಲ್ಲಿನ ಪೈಪಿನ ನಟ್ಟನ್ನು ಸಡಿಲಿಸಿ ಸೆಲ್ಫ್ ಹೊಡೆದರೆ ಆ ಪೈಪಿನ ಗಾಳಿಯೂ ಹೋಗುತ್ತದೆ. ಇಷ್ಟಕ್ಕೆ ಬೇಕಾದದ್ದು ಎರಡು ಸ್ಪ್ಯಾನರು, ಒಂದು ಚಿಂದಿ ಬಟ್ಟೆ, ಸ್ವಲ್ಪ ತಾಳ್ಮೆ. ಓದು ಬರಹವಿಲ್ಲದ ಕ್ಲೀನರ್ ಹುಡುಗ ಒಂದು ಸಲ ನೋಡಿ ಎರಡನೆಯ ಸಲ ತಾನೇ ಮಾಡುತ್ತಿದ್ದ. ಕಮಾನುಪಟ್ಟಿ ತುಂಡಾದರೆ ಕುಲುಮೆಯವನು ಬೇರೆ ಎಲೆ ಕಾಯಿಸಿ ಬಗ್ಗಿಸಿ ಕೊಡುತ್ತಿದ್ದ. ಬಾಡಿಯನ್ನಂತೂ ಕಾರ್ಖಾನೆ ಕೊಡುತ್ತಲೇ ಇರಲಿಲ್ಲ. ಬರುತ್ತಿದ್ದದ್ದು ಬರೀ ಚಾಸಿ. ಹಲಗೆ, ಕ್ಯಾಬಿನ್ನು, ಬಣ್ಣ, ಹಿಂದೆ ಬರೆಯುವ ದೇವರ ಹೆಸರು, ಎಲ್ಲವೂ ಇಲ್ಲಿನ ಬಡಗಿ, ಕಮ್ಮಾರ, ಪೇಂಟರುಗಳ ಕೈಕೆಲಸ. ಹಾಗಾಗಿ ನಮ್ಮ ರಸ್ತೆಯಲ್ಲಿ ಓಡಿದ ಯಾವ ಬೆಂಜ್ ಲಾರಿಯೂ ಪೂರ್ತಿಯಾಗಿ ಜರ್ಮನಿಯದಾಗಿರಲಿಲ್ಲ, ಪೂರ್ತಿಯಾಗಿ ಜಮ್‌ಷೆಡ್‌ಪುರದ್ದೂ ಆಗಿರಲಿಲ್ಲ.

ಕೈಯಿಂದ ಆಗದ ಕೆಲಸವೆಂದರೆ ಪಂಪು ಮತ್ತು ನಾಜಲ್ಲು. ಕೂದಲೆಳೆಗಿಂತ ಕಡಿಮೆ ಸಂದಿಯಲ್ಲಿ ಜಾರುವ ಅವುಗಳ ಒಳಭಾಗವನ್ನು ಅರ ಹಿಡಿದು ಉಜ್ಜಿ ಮಾಡಲಾಗದು. ಇಲ್ಲಿ ಕರ್ನಾಟಕದ ಅದೃಷ್ಟ ಚೆನ್ನಾಗಿತ್ತು. ಡೀಸೆಲ್ ಪಂಪನ್ನು 1927ರಲ್ಲಿ ಮಾರುಕಟ್ಟೆಗೆ ತಂದ ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಲ್ಲರ ಬಾಯಲ್ಲಿ ಮೈಕೋ, ಹುಟ್ಟಿತು. ಆಡುಗೋಡಿಯ ಅದರ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗಿನ ಜೊತೆ ಇಂಧನ ಪಂಪೂ ತಯಾರಾಗತೊಡಗಿತು. ಅದೇ ಸ್ಟುಟ್‌ಗಾರ್ಟ್ ಡೈಮ್ಲರ್-ಬೆಂಜ್‌ನ ಊರೂ ಹೌದು. ಅಲ್ಲಿನ ಎರಡು ಕಾರ್ಖಾನೆಗಳ ಕೆಲಸ, ಒಂದು ಅಂದಿನ ಬಿಹಾರದ ಜಮ್‌ಷೆಡ್‌ಪುರದ ಮೂಲಕ, ಇನ್ನೊಂದು ಬೆಂಗಳೂರಿನ ಮೂಲಕ ಬಂದು ಒಂದೇ ಬಾನೆಟ್ಟಿನ ಕೆಳಗೆ ಕೂಡಿಕೊಂಡಿತು. ಮೈಕೋ ಬೋರ್ಡು ಹಾಕಿಕೊಂಡ ಪಂಪು ಪರೀಕ್ಷೆಯ ಅಂಗಡಿಗಳು ಒಂದೊಂದಾಗಿ ಜಿಲ್ಲಾ ಪಟ್ಟಣಗಳಿಗೂ ಬಂದವು. ಆಗ ತರೀಕೆರೆಯ ಲಾರಿಯೊಂದರ ಪಂಪು ಬೆಂಗಳೂರಿಗೆ ಹೋಗಿ ಬರುವ ಕಾಟ ತಪ್ಪಿತು. ‘ಪಂಪ್ ಮೆಕ್ಯಾನಿಕ್’ ಎಂಬುದು ಗ್ಯಾರೇಜಿನ ಲೋಕದಲ್ಲಿ ಪ್ರತ್ಯೇಕ ಜಾತಿಯೇ ಆಯಿತು, ಕೈಗೆ ಮಸಿ ಮೆತ್ತಿಕೊಳ್ಳದ, ಸ್ವಲ್ಪ ಬಿಗುಮಾನದ ಜಾತಿ.

ಒಪ್ಪಂದ 1969ರಲ್ಲಿ ಮುಗಿಯಿತು. ನಕ್ಷತ್ರವಿದ್ದ ಜಾಗದಲ್ಲಿ ದುಂಡು ಚೌಕಟ್ಟಿನೊಳಗೆ ಟಾಟಾದ ‘ಟಿ’ ಕೂತಿತು. ಅದರಾಚೆಗೆ ಮಾರನೆಯ ದಿನದ ಲಾರಿ ಹಿಂದಿನ ದಿನದ ಲಾರಿಯಂತೆಯೇ ಇತ್ತು. ಮಾದರಿಗಳ ಅಂಕಿಯೂ ಹಾಗೆಯೇ ಮುಂದುವರಿಯಿತು: ಚಾಲಕರ ನಾಲಿಗೆಯಲ್ಲಿ ‘ಟ್ವೆಲ್ವ್ ಟೆನ್’ ಆದ 1210ರ ಮೊದಲೆರಡು ಅಂಕಿ ಲೋಡೂ ಸೇರಿ ಗಾಡಿಯ ಒಟ್ಟು ತೂಕ ಸುಮಾರು ಎಷ್ಟು ಟನ್ ಎಂಬುದಕ್ಕೆ, ಕೊನೆಯೆರಡನ್ನು ಹತ್ತರಿಂದ ಗುಣಿಸಿದರೆ ಸುಮಾರು ಎಷ್ಟು ಅಶ್ವಶಕ್ತಿ ಎಂಬುದಕ್ಕೆ. ಈ ಲೆಕ್ಕ ಸ್ಟುಟ್‌ಗಾರ್ಟಿನದು. ಹದಿನೈದು ವರ್ಷದಲ್ಲಿ ಬಿಡಿಭಾಗಗಳ ಬಹುಪಾಲು ಈ ದೇಶದಲ್ಲೇ ತಯಾರಾಗುತ್ತಿತ್ತು. ಹೀಗಾಗಿ ಕೊಂಡಿ ಕಳಚಿದ್ದು ಲಾರಿ ಮಾಲೀಕನಿಗೆ ಗೊತ್ತಾಗಲೂ ಇಲ್ಲ. ಡೈಮ್ಲರ್-ಬೆಂಜ್‌ನ ದೃಷ್ಟಿಯಿಂದ ನೋಡಿದರೆ ವಿಚಿತ್ರ ಪರಿಸ್ಥಿತಿ. ತನ್ನದಲ್ಲದ ಕಾರ್ಖಾನೆಯಲ್ಲಿ, ತನ್ನ ಹಿಡಿತವಿಲ್ಲದೆ, ತಾನು ನೋಡಿಯೂ ಇರದ ಗ್ಯಾರೇಜುಗಳಲ್ಲಿ ಮರುಜೀವ ಪಡೆಯುತ್ತಿದ್ದ ಗಾಡಿಗಳು ಅದರ ಹೆಸರನ್ನು ಮುಂದಿನ ಎರಡು ದಶಕ ಹೊತ್ತು ತಿರುಗಿದವು. ಆ ಹೊತ್ತಿನಲ್ಲಿ ಇಂಡಿಯಾದಲ್ಲಿ ಕಂಪನಿಯ ಕಾರಿನ ಮಾರಾಟವೇ ಇಲ್ಲ ಎನ್ನುವಷ್ಟು ಕಡಿಮೆ. ಹೆಸರಿಗೆ ಆಧಾರವಾಗಿದ್ದದ್ದು ಹಳೆಯ ಲಾರಿ ಇನ್ನೂ ಓಡುತ್ತಿದೆ ಎಂಬ ಒಂದೇ ಸಂಗತಿ.

ಇದಕ್ಕೆ ಮೊದಲ ಆಕ್ಷೇಪ ಟಾಟಾ ಪರವಾದದ್ದು, ಅದರಲ್ಲಿ ಹುರುಳೂ ಇದೆ. ಲಾರಿ ತಯಾರಿಸಿದ್ದು, ಬೆಲೆ ಹಿಡಿತದಲ್ಲಿಟ್ಟದ್ದು, ಸ್ಪೇರು ಸಿಗುವಂತೆ ನೋಡಿಕೊಂಡದ್ದು ಟೆಲ್ಕೋ. ಸುಮಂತ್ ಮೂಳಗಾಂವಕರ್ ಅವರ ನಾಯಕತ್ವದಲ್ಲಿ ಪುಣೆಯ ಕಾರ್ಖಾನೆ ಕಟ್ಟಿ, ಪರರ ನಕ್ಷೆಯಿಂದ ಸ್ವಂತ ನಕ್ಷೆಗೆ ಬಂದದ್ದೂ ಅದೇ. 1986ರ 407 ಪೂರ್ತಿ ಇಲ್ಲಿನ ತಲೆಗಳ ಕೆಲಸ, ನಮ್ಮ ತೋಟದ ದಾರಿಗಳಲ್ಲಿ ಅದು ಪಡೆದ ಮರ್ಯಾದೆ ಎಲ್ಲರಿಗೂ ಗೊತ್ತು. ಹಾಗಿರುವಾಗ ಕೀರ್ತಿಯನ್ನು ಜರ್ಮನ್ನರಿಗೆ ಕೊಡುವುದೇಕೆ? ಕೊಡಬೇಕೆಂದು ನಾನು ಹೇಳುತ್ತಿಲ್ಲ. ಕೀರ್ತಿ ಹಲವರದು, ಹೆಸರು ಒಬ್ಬರದು, ಇದು ಎಲ್ಲ ದೊಡ್ಡ ನಿರ್ಮಾಣಗಳಲ್ಲೂ ನಡೆದು ಬಂದದ್ದು. ಅಮೃತಾಪುರದ ದೇವಾಲಯವನ್ನೇ ನೋಡಬಹುದು. 1196ರಲ್ಲಿ ಅದನ್ನು ಕಟ್ಟಿಸಿದ್ದು ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತ. ದೇವರಿಗೂ ಊರಿಗೂ ಅವನ ಹೆಸರೇ ನಿಂತಿತು. ಅಲ್ಲಿನ ಶಾಸನದ ಪದ್ಯ ಕವಿ ಜನ್ನನದು. ರೂವಾರಿ ಮಲ್ಲಿತಮ್ಮ ಉಳಿ ಹಿಡಿದು ಕೆಲಸ ಶುರುಮಾಡಿದ್ದು ಇಲ್ಲಿಯೇ ಎನ್ನುತ್ತಾರೆ. ಮುಂದೆ ಸೋಮನಾಥಪುರದ ಶಿಲ್ಪಗಳ ಬುಡದಲ್ಲಿ ಅವನ ರುಜು ಕಾಣುತ್ತದೆ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಒಡೆದದ್ದು ಬಿರಿದದ್ದನ್ನು ಸರಿಪಡಿಸುವುದಕ್ಕೆ, ಭೂಮಿ ಬಿಟ್ಟ ಮಾತು ಪದೇ ಪದೇ ಬರುತ್ತದೆ. ಸರಿಪಡಿಸಿದವರ ಹೆಸರು ಮಾತ್ರ ಅಪರೂಪ. ಲಾರಿಯ ಚರಿತ್ರೆಯಲ್ಲೂ ಆಗಿರುವುದು ಅದೇ. ಟಾಟಾಕ್ಕೂ ಬೆಂಜ್‌ಗೂ ನಡುವೆ ಕೀರ್ತಿ ಹಂಚುವ ಜಗಳದಲ್ಲಿ ಮೂರನೆಯವನನ್ನು ಮರೆಯುತ್ತೇವೆ.

ಎರಡನೆಯ ಆಕ್ಷೇಪ ಅರ್ಥಶಾಸ್ತ್ರ ಓದಿದವರದು. ಲೈಸೆನ್ಸ್ ರಾಜ್ಯದಲ್ಲಿ ಗಿರಾಕಿಗೆ ಆಯ್ಕೆಯೇ ಇರಲಿಲ್ಲ. ಚಾಸಿಗೆ ಹೆಸರು ಬರೆಸಿ ಕಾಯಬೇಕಿತ್ತು. ಸಿಕ್ಕಿದ್ದನ್ನು ಹೊಗಳಿದರೆ ಅದು ಕೀರ್ತಿಯಲ್ಲ, ಅನಿವಾರ್ಯ ಎನ್ನುತ್ತಾರೆ. ಆಯ್ಕೆ ಕಡಿಮೆ ಇದ್ದದ್ದು ನಿಜ, ಇಲ್ಲವೇ ಇರಲಿಲ್ಲ ಎಂಬುದು ಸುಳ್ಳು. ಹಿಂದೂಸ್ತಾನ್ ಮೋಟಾರ್ಸ್‌ನ ಬೆಡ್‌ಫರ್ಡ್ ಇತ್ತು, ಪ್ರೀಮಿಯರ್‌ನ ಡಾಜ್ ಮತ್ತು ಫಾರ್ಗೋ ಇದ್ದವು, ಎಲ್ಲಕ್ಕಿಂತ ಹೆಚ್ಚಾಗಿ ಮದರಾಸಿನ ಎಣ್ಣೂರಿನಿಂದ ಬರುತ್ತಿದ್ದ ಅಶೋಕ್ ಲೇಲ್ಯಾಂಡ್ ದಕ್ಷಿಣದಲ್ಲಿ ಬಲವಾಗಿತ್ತು. ಲೇಲ್ಯಾಂಡೋ ಟಾಟಾನೋ ಎಂಬ ಚರ್ಚೆ ನಮ್ಮ ಚಹಾದಂಗಡಿಗಳಲ್ಲಿ ರಾಜಕೀಯದಷ್ಟೇ ಬಿಸಿಯಾಗಿ ನಡೆದದ್ದು. ಎಂಜಿನ್ನಿನ ಗಟ್ಟಿತನದಲ್ಲಿ ಲೇಲ್ಯಾಂಡ್ ಕಡೆಯವರ ವಾದಕ್ಕೆ ತೂಕವಿತ್ತೆಂದು ಒಪ್ಪಬೇಕು. ಆದರೂ ಟೆಲ್ಕೋ ದೇಶದ ಅತಿ ದೊಡ್ಡ ಲಾರಿ ತಯಾರಕ ಆಯಿತು. ಇದಕ್ಕೆ ನನ್ನ ವಿವರಣೆ ಸರಳ: ಹೆಚ್ಚು ಲಾರಿ ಇದ್ದ ಕಡೆ ಹೆಚ್ಚು ಮೆಕ್ಯಾನಿಕ್‌ಗಳು ತಯಾರಾದರು, ಹೆಚ್ಚು ಮೆಕ್ಯಾನಿಕ್‌ಗಳಿದ್ದ ಕಡೆ ಮುಂದಿನ ಲಾರಿಯೂ ಅದೇ ಮಾದರಿಯದು ಬಂತು. ಹಳೆ ಲಾರಿಯ ಮರುಮಾರಾಟದ ಬೆಲೆಯೂ ಇದರ ಮೇಲೆ ನಿಂತಿತ್ತು. ಅನಿವಾರ್ಯಕ್ಕೆ ಕೊಂಡ ವಸ್ತುವನ್ನು ಜನ ಅನಿವಾರ್ಯ ಮುಗಿದೊಡನೆ ಬಿಡುತ್ತಾರೆ. 1980ರ ದಶಕದಲ್ಲಿ ಜಪಾನೀ ಸಹಯೋಗದ ಹಗುರ ಲಾರಿಗಳು ಬಾಗಿಲು ತಟ್ಟಿದಾಗ ಹಾಗಾಗಲಿಲ್ಲ. ಅವುಗಳಲ್ಲಿ ಹಲವು ಹಳ್ಳಿಯ ಗ್ಯಾರೇಜುಗಳಲ್ಲಿ ನೆಲೆ ಕಾಣಲಿಲ್ಲ.

ಆ ಗ್ಯಾರೇಜುಗಳನ್ನು ಹಾಡಿ ಹೊಗಳುವುದೂ ಬೇಡ. ಗಾಡಿ ಎಷ್ಟು ಹೊರಿಸಿದರೂ ಹೊರುತ್ತದೆ ಎಂಬ ಹೆಸರೇ ಅದಕ್ಕೆ ಮುಳುವಾಯಿತು. ಕಮಾನಿಗೆ ಇನ್ನೆರಡು ಎಲೆ ಸೇರಿಸಿ, ಹಲಗೆ ಎತ್ತರಿಸಿ, ತೂಕದ ಮಿತಿ ಮೀರಿ ತುಂಬುವುದು ವಾಡಿಕೆಯಾಯಿತು. ಎಂಜಿನ್ ಎಳೆಯಿತು, ಬ್ರೇಕು ಅಷ್ಟನ್ನು ತಡೆಯಲು ಮಾಡಿದ್ದಲ್ಲ. ಘಟ್ಟದ ತಿರುವುಗಳಲ್ಲಿ ಅದರ ಬೆಲೆ ತೆತ್ತವರು ಚಾಲಕರು. ಕ್ಯಾಬಿನ್ನಿನ ಸೆಕೆ, ಸೊಂಟ ಮುರಿಯುವ ಸೀಟು, ಪವರ್ ಇಲ್ಲದ ಸ್ಟೀರಿಂಗು ಇವೂ ಆ ಕೀರ್ತಿಯ ಖಾತೆಯಲ್ಲಿ ಖರ್ಚಿನ ಕಡೆ ಬರೆಯಬೇಕಾದವು. ಸುಲಭ ರಿಪೇರಿಯ ಇನ್ನೊಂದು ಮುಖ ಕಪ್ಪು ಹೊಗೆ. ಪಂಪಿನ ಸೀಲು ಮುರಿದು ಎಣ್ಣೆ ಹೆಚ್ಚು ಬಿಟ್ಟರೆ ಎಳೆತ ಹೆಚ್ಚುತ್ತದೆ, ಹಿಂದೆ ಬರುವವರ ಮುಖ ಕಪ್ಪಾಗುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ. ಈ ಕಂಪನಿಯ ಹೆಸರನ್ನು ಸ್ಮರಣ ಸಂಚಿಕೆಯಲ್ಲಿ ಗೌರವದಿಂದ ಬರೆಯುವಾಗ 1933ರಿಂದ 1945ರ ಪುಟಗಳನ್ನು ಏನು ಮಾಡುವುದು? ನಾಜಿ ಆಡಳಿತದ ನಾಯಕರು ಸವಾರಿ ಮಾಡಿದ್ದು ಇದೇ ನಕ್ಷತ್ರದ ಕಾರುಗಳಲ್ಲಿ. ಯುದ್ಧಕಾಲದಲ್ಲಿ ಕಾರ್ಖಾನೆಗಳು ಲಾರಿ ಮತ್ತು ವಿಮಾನದ ಎಂಜಿನ್ ತಯಾರಿಸಿದವು. 1944ರ ಹೊತ್ತಿಗೆ ಅದರ 60,000ಕ್ಕೂ ಹೆಚ್ಚಿನ ಕೆಲಸಗಾರರಲ್ಲಿ ಅರ್ಧದಷ್ಟು ಮಂದಿ ಬಲವಂತಕ್ಕೆ ಸಿಕ್ಕಿದ ನಾಗರಿಕರು, ಯುದ್ಧಕೈದಿಗಳು, ಸೆರೆಶಿಬಿರದವರು. ಕಂಪನಿ ಇದನ್ನು ಬಹಳ ಕಾಲ ಮಾತಾಡಲಿಲ್ಲ. 1980ರ ದಶಕದಲ್ಲಿ ಇತಿಹಾಸಕಾರರಿಗೆ ದಾಖಲೆ ತೆರೆದು ಅಧ್ಯಯನ ಮಾಡಿಸಿತು, ಪರಿಹಾರದ ನಿಧಿಗೆ ಹಣ ಕೊಟ್ಟಿತು. ಜಮ್‌ಷೆಡ್‌ಪುರದ ಒಪ್ಪಂದ ಯುದ್ಧ ಮುಗಿದು ಒಂಬತ್ತೇ ವರ್ಷಕ್ಕೆ ಆದದ್ದು. ಜಗತ್ತು ಇನ್ನೂ ಅನುಮಾನದಿಂದ ನೋಡುತ್ತಿದ್ದ ಜರ್ಮನ್ ಉದ್ಯಮಕ್ಕೆ ಹೊರದೇಶದಲ್ಲಿ ಮರ್ಯಾದೆಯ ಬಾಗಿಲು ಬೇಕಾಗಿತ್ತು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಬ್ರಿಟನ್ನಿನದಲ್ಲದ ತಂತ್ರಜ್ಞಾನ ಬೇಕಾಗಿತ್ತು. ಇಬ್ಬರ ಗರಜೂ ಕೂಡಿತು. ತೀರಾ ಇತ್ತೀಚಿನ ಕಲೆಯೂ ಇದೆ. ಡೀಸೆಲ್ ಹೊಗೆಯ ನಿಯಮದ ವಿಷಯದಲ್ಲಿ 2019ರಲ್ಲಿ ಸ್ಟುಟ್‌ಗಾರ್ಟಿನ ಪ್ರಾಸಿಕ್ಯೂಟರ್‌ಗಳು ಡೈಮ್ಲರ್ ಮೇಲೆ 87 ಕೋಟಿ ಯೂರೋ ದಂಡ ಹಾಕಿದರು. ಮರುವರ್ಷ ಅಮೆರಿಕದ ಸರ್ಕಾರದ ಜೊತೆ 150 ಕೋಟಿ ಡಾಲರಿನ ರಾಜಿಯಾಯಿತು. ಈ ಸಂಗತಿಗಳಿಂದ ನನ್ನ ವಾದ ಬೀಳುವುದಿಲ್ಲ, ಇನ್ನಷ್ಟು ಸ್ಪಷ್ಟವಾಗುತ್ತದೆ. ಕಂಪನಿಯ ಮಾನ ಹೋದದ್ದು ಆಡಳಿತ ಮಂಡಳಿಯ ಕೋಣೆಯಲ್ಲಿ ಆದ ನಿರ್ಧಾರಗಳಿಂದ. ಮಲೆನಾಡಿನ ಅಂಚಿನಲ್ಲಿ ಅದಕ್ಕೆ ಮಾನ ಗಳಿಸಿಕೊಟ್ಟವರಿಗೆ ಆ ಕೋಣೆಯ ವಿಳಾಸವೂ ಗೊತ್ತಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಿದರೆ ಅನ್ಯಾಯ ಆಗುವುದು ಎರಡನೆಯವರಿಗೆ.

ಕಾರಿನ ಕಥೆ 1994ರಿಂದ ಮತ್ತೆ ಶುರುವಾಗುತ್ತದೆ. ಆ ವರ್ಷ ಟೆಲ್ಕೋ ಜೊತೆಗೂಡಿಯೇ ಮರ್ಸಿಡಿಸ್-ಬೆಂಜ್ ಪುಣೆಯ ಬಳಿ ಕಾಲಿಟ್ಟಿತು. ಮುಂದೆ ಸ್ವಂತ ಕಾರ್ಖಾನೆ ಚಾಕಣಕ್ಕೆ ಹೋಯಿತು. ಅಲ್ಲಿಂದ ಈ ಹೆಸರು ಶ್ರೀಮಂತಿಕೆಯ ಗುರುತಾಯಿತು, ಸಿನಿಮಾದ ಖಳನಾಯಕನಿಂದ ಹಿಡಿದು ಮದುವೆಯ ಮೆರವಣಿಗೆಯವರೆಗೆ. ಇಂದಿನ ಕೀರ್ತಿ ಕಾರಿನದೇ, ಲಾರಿಯದು ಹಳೆಯ ಮಾತು ಎನ್ನುವವರು ಒಂದನ್ನು ಗಮನಿಸಬೇಕು. 2012ರಲ್ಲಿ ಡೈಮ್ಲರ್ ಚೆನ್ನೈ ಬಳಿಯ ಒರಗಡಂನಲ್ಲಿ ಲಾರಿ ಕಾರ್ಖಾನೆ ತೆರೆದಾಗ ಆ ಲಾರಿಗೆ ಮರ್ಸಿಡಿಸ್ ಎಂದು ಹೆಸರಿಡಲಿಲ್ಲ, ಭಾರತ್‌ಬೆಂಜ್ ಎಂದಿಟ್ಟಿತು. ಕಾರು ಕೊಳ್ಳುವವರಿಗೆ ಮರ್ಸಿಡಿಸ್, ಲಾರಿ ಓಡಿಸುವವರಿಗೆ ಬೆಂಜ್. ನಕ್ಷತ್ರ ಕಳಚಿ 43 ವರ್ಷದ ನಂತರವೂ ಹೆದ್ದಾರಿಯಲ್ಲಿ ಆ ಹೆಸರಿಗೆ ಬೆಲೆಯಿದೆ ಎಂಬುದನ್ನು ಕಂಪನಿಯ ಮಾರಾಟ ವಿಭಾಗವೇ ಒಪ್ಪಿಕೊಂಡಂತಾಯಿತು. ಆ ಬೆಲೆಯನ್ನು ಅಷ್ಟು ಕಾಲ ಕಾಪಾಡಿದ್ದಕ್ಕೆ ಗ್ಯಾರೇಜುಗಳಿಗೆ ಅದು ಯಾವ ಬಾಡಿಗೆಯನ್ನೂ ಕೊಟ್ಟಿರಲಿಲ್ಲ.

ಕರ್ನಾಟಕದ ಮಟ್ಟಿಗೆ ಈಗ ಕಂಪನಿಯ ದೊಡ್ಡ ಗುರುತು ಬೆಂಗಳೂರಿನಲ್ಲಿ 1996ರಲ್ಲಿ ಶುರುವಾದ ಅದರ ಸಂಶೋಧನಾ ಕೇಂದ್ರ, ಜರ್ಮನಿಯ ಹೊರಗೆ ಅದಕ್ಕಿರುವ ಇಂಥ ಕೇಂದ್ರಗಳಲ್ಲಿ ಅತಿ ದೊಡ್ಡದು. ವಾಹನದ ಸಾಫ್ಟ್‌ವೇರ್, ಕಂಪ್ಯೂಟರಿನೊಳಗೇ ನಡೆಸುವ ಡಿಕ್ಕಿ ಪರೀಕ್ಷೆ, ಎಲೆಕ್ಟ್ರಾನಿಕ್ಸ್ ಅಲ್ಲಿನ ಕೆಲಸ. ನಮ್ಮ ಜಿಲ್ಲೆಯಂಥ ಕಡೆಯಿಂದ ಎಂಜಿನಿಯರಿಂಗ್ ಓದಿ ಹೋಗುವ ಹುಡುಗ ಹುಡುಗಿಯರು ಸೇರಬಯಸುವ ಜಾಗವೂ ಹೌದು. ಇದೇ ಹೊತ್ತಿಗೆ ಇತ್ತ ಗ್ಯಾರೇಜಿನಲ್ಲಿ ಇನ್ನೊಂದು ಬದಲಾವಣೆಯಾಗಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಮ ಜಾರಿಗೆ ಬಂದ ಮೇಲೆ, ಬೆಂಜ್ ಆಗಲಿ, ಟಾಟಾ ಆಗಲಿ, ಲೇಲ್ಯಾಂಡ್ ಆಗಲಿ, ಹೊಸ ಲಾರಿಯಲ್ಲಿ ಎಣ್ಣೆ ಎಷ್ಟು ಚಿಮ್ಮಬೇಕೆಂದು ಹೇಳುವುದು ಕಂಪ್ಯೂಟರ್. ಹೊಗೆ ತೊಳೆಯಲು ಯೂರಿಯಾ ದ್ರಾವಣದ ಟ್ಯಾಂಕು ಬೇರೆ. ಸೆನ್ಸರ್ ಒಂದು ಮುನಿಸಿಕೊಂಡರೆ ಎಂಜಿನ್ ತಾನಾಗಿ ಬಲ ತಗ್ಗಿಸುತ್ತದೆ; ಕಾರಣ ತಿಳಿಯಲು ಸ್ಕ್ಯಾನರ್ ಬೇಕು, ಸ್ಕ್ಯಾನರಿಗೆ ಕಂಪನಿಯ ಸಾಫ್ಟ್‌ವೇರ್ ಬೇಕು. ಹೆಬ್ಬೆರಳಿನಿಂದ ಗಾಳಿ ತೆಗೆಯುತ್ತಿದ್ದವನಿಗೆ ಅಲ್ಲಿ ಕೈಹಾಕಲು ಜಾಗವಿಲ್ಲ. ಹೊಗೆ ಕಡಿಮೆಯಾದದ್ದು ಒಳ್ಳೆಯದೇ, ಅದನ್ನು ಅಲ್ಲಗಳೆಯುವಂತಿಲ್ಲ. ಹಳೆಯ ಪಂಪಿನ ಸರಳತೆಗೆ ಮರಳಬೇಕೆಂಬುದು ಬರೀ ಹಳಹಳಿಕೆ. ಆದರೆ ಸ್ವಚ್ಛ ಎಂಜಿನ್ನಿಗೂ ಬೀಗ ಹಾಕಿದ ಎಂಜಿನ್ನಿಗೂ ವ್ಯತ್ಯಾಸವಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿದಾಗ ಮೊಬೈಲು, ಗೃಹೋಪಯೋಗಿ ಯಂತ್ರ, ಕೃಷಿ ಉಪಕರಣಗಳ ಜೊತೆ ಮೋಟಾರು ವಾಹನವನ್ನೂ ಪಟ್ಟಿಯಲ್ಲಿಟ್ಟಿತು. ಆ ಬೀಗದ ಸಾಫ್ಟ್‌ವೇರ್ ಬರೆಯುವ ಕೆಲಸ ಇವತ್ತು ಬೆಂಗಳೂರಿನಂಥ ಊರುಗಳಲ್ಲೂ ನಡೆಯುತ್ತಿದೆ. ಕೀಲಿಯ ಒಂದು ಪ್ರತಿ ತರೀಕೆರೆಯ ಗ್ಯಾರೇಜಿಗೂ ಸಿಗುತ್ತದೋ ಇಲ್ಲವೋ ಎಂಬುದರ ಮೇಲೆ ಮುಂದಿನ ಲಾರಿ ಮಾಲೀಕ ಯಾವ ಕಂಪನಿಯ ಚಾಸಿಗೆ ಮುಂಗಡ ಕಟ್ಟುತ್ತಾನೆಂಬುದು ನಿಂತಿದೆ.